ನಲವತ್ತೊಂದನೇ ಮನೆಯ ಸೂಜಿ

ಕರಿಗುಡ್ಡದಲ್ಲಿ ಯಾರ ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ತಿಳಿಯಲು ಯಾರೂ ಬಾಗಿಲು ತಟ್ಟುವುದಿಲ್ಲ. ಸೂಜಿ ನೋಡಿದರೆ ಸಾಕು.

ಅದು ಚಿನ್ನ ತೀರಿಹೋದ ಹಳೆಯ ಗಣಿ. ಚಿನ್ನವಿದ್ದ ಕಾಲದಲ್ಲಿ ಜನ ಹೊಟ್ಟೆಪಾಡಿಗೆ ಇಳಿಯುತ್ತಿದ್ದರು, ಈಗ ಜೀವ ಉಳಿಸಿಕೊಳ್ಳಲು ಇಳಿಯುತ್ತಾರೆ. ರಾಯಚೂರು ಸೀಮೆಯ ಬೇಸಿಗೆ ಐವತ್ನಾಲ್ಕು ಡಿಗ್ರಿ ದಾಟಿದ ಮೇಲೆ ನೆಲದ ಮೇಲೆ ಬದುಕುವುದು ಕಾವಲಿಯ ಮೇಲೆ ಕೂತಂತಾಯಿತು. ಹೋಳಿ ಹುಣ್ಣಿಮೆ ಮುಗಿದೊಡನೆ ಊರೂರೇ ಗಂಟುಮೂಟೆ ಕಟ್ಟಿ ಗಣಿಗೆ ಇಳಿಯುವುದು, ಕಾರಹುಣ್ಣಿಮೆಗೆ ಮೇಲೇರುವುದು. ಇದಕ್ಕೆ ಜನ ಇಟ್ಟ ಹೆಸರು ‘ಇಳಿವು’. ಯಾವ ಯಾವ ಊರಿಗೆ ಜಾಗ ಎಂಬ ಪಟ್ಟಿ ವರ್ಷವರ್ಷ ಬರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಊರಿನವರು ಏನು ಮಾಡುತ್ತಾರೆ ಎಂದು ಕೆಳಗಿದ್ದವರು ಹೆಚ್ಚು ಯೋಚಿಸುವುದಿಲ್ಲ. ಯೋಚಿಸಿದರೆ ಅನ್ನ ಇಳಿಯುವುದಿಲ್ಲ.

ಕೆಳಗೆ ಬಂಡೆ ಕೊರೆದ ಕೋಣೆಗಳೇ ಮನೆಗಳು. ಪ್ರತಿ ಮನೆಗೂ ಒಂದು ಗಾಳಿಯ ಕೊಳವೆ. ಕೊಳವೆಯ ನಡುವೆ ಒಂದು ಉಕ್ಕಿನ ಬಿಲ್ಲೆ, ಬಿಲ್ಲೆಯ ನಟ್ಟನಡುವೆ ದುಂಡನೆಯ ತೂತು. ಗಾಳಿ ಆ ತೂತಿನಲ್ಲಿ ನುಸುಳಿ ಹೋಗುವಾಗ ಬಿಲ್ಲೆಯ ಹಿಂದೆ ಒತ್ತಡ ಹೆಚ್ಚು, ಮುಂದೆ ಕಡಿಮೆ. ಆ ವ್ಯತ್ಯಾಸವನ್ನು ಸೂಜಿ ತೋರಿಸುತ್ತದೆ. ವ್ಯತ್ಯಾಸದ ವರ್ಗಮೂಲ ತೆಗೆದು ತೂತಿನ ಅಳತೆಯಿಂದ ಗುಣಿಸಿದರೆ ಎಷ್ಟು ಗಾಳಿ ಹೋಯಿತೆಂದು ಗೊತ್ತಾಗುತ್ತದೆ. ಕೋಣೆಯ ಗಾಳಿ ಉಸಿರಿನಿಂದ ಕೆಟ್ಟಷ್ಟೂ ಕೊಳವೆಯ ತುದಿಯ ಕವಾಟ ತಾನಾಗಿ ತೆರೆಯುತ್ತದೆ. ಹೀಗಾಗಿ ಹೋದ ಗಾಳಿ ಎಷ್ಟೆಂದು ಗೊತ್ತಾದರೆ ಒಳಗೆ ಉಸಿರಾಡುವವರು ಎಷ್ಟು ಜನ ಎಂಬುದೂ ಗೊತ್ತಾಗುತ್ತದೆ.

ಏಳನೇ ಅಂತಸ್ತಿನ ಇನ್ನೂರು ಮನೆಗಳ ಸೂಜಿ ನೋಡುವ ಕೆಲಸ ನೀಲಾಂಬಿಕೆಯದು. ಬೆಳಿಗ್ಗೆ ಆರರಿಂದ ಸಂಜೆ ನಾಲ್ಕರವರೆಗೆ ಅವಳು ಸೂಜಿಮನೆಯಲ್ಲಿ ಒಬ್ಬಳೇ ಕೂತು ಪರದೆಯ ಮೇಲಿನ ಇನ್ನೂರು ಸೂಜಿಗಳನ್ನು ನೋಡುತ್ತಾಳೆ. ಯಾರ ಮನೆಗೆ ನೆಂಟರು ಬಂದರು, ಯಾರು ಗಂಡನ ಮೇಲೆ ಮುನಿಸಿಕೊಂಡು ಅಕ್ಕನ ಮನೆಗೆ ಹೋದರು, ಯಾರ ಕೂಸಿಗೆ ಜ್ವರ ಬಂದು ಉಸಿರು ಏರಿದೆ ಎಲ್ಲವೂ ಅವಳಿಗೆ ಗೊತ್ತು. ಅವಳ ಮನೆ ನಲವತ್ತೊಂದನೆಯದು. ಅಲ್ಲಿ ಏನು ನಡೆದಿದೆ ಎಂದು ತಿಳಿದುಕೊಳ್ಳುವ ಗರಜು ಮಾತ್ರ ಯಾರಿಗೂ ಇಲ್ಲ.

ಅದಕ್ಕೆ ಕಾರಣವಿದೆ. ಎರಡು ಇಳಿವಿನ ಹಿಂದೆ ಇಪ್ಪತ್ಮೂರನೇ ಮನೆಯ ಸೂಜಿ ಒಬ್ಬರಿಗಾಗುವಷ್ಟು ಹೆಚ್ಚು ತೋರಿಸಿತ್ತು. ನೀಲಾಂಬಿಕೆ ಎರಡು ಸಲ ಲೆಕ್ಕ ಮಾಡಿ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು, ವರದಿ ಬರೆದಳು. ಪಟ್ಟಿಯಲ್ಲಿಲ್ಲದ ಒಬ್ಬ ಗಂಡಸು ಆ ಮನೆಯಲ್ಲಿ ಸಿಕ್ಕ. ಅವನನ್ನು ವೈಶಾಖದ ನಡುಹಗಲಲ್ಲಿ ಮೇಲಕ್ಕೆ ಕಳಿಸಿದರು. ಅವನು ಎಲ್ಲಿಗೆ ಮುಟ್ಟಿದನೋ ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಅವಳು ನೀರಿನ ನಲ್ಲಿಯ ಹತ್ತಿರ ಹೋದರೆ ಹೆಂಗಸರ ಮಾತು ಪಟ್ಟನೆ ನಿಲ್ಲುತ್ತಿತ್ತು.

“ನೀ ಸೂಜಿ ಚಲೋ ನೋಡ್ತಿ, ನೀಲಾ. ಮಂದಿನ್ನ ನೋಡಂಗಿಲ್ಲ,” ಎಂದಿದ್ದ ಗಂಡ ಬಸಲಿಂಗ. ಮೂರು ದಿನ ಮಾತು ಬಿಟ್ಟಿದ್ದ. ನಾಲ್ಕನೇ ದಿನ ತಾನೇ ಸೋತು ಚಹಾ ಮಾಡಿಕೊಟ್ಟ. ಅವನ ಸ್ವಭಾವವೇ ಹಾಗೆ.

ಬಸಲಿಂಗನದು ನೀರೆತ್ತುವ ಪಂಪಿನ ರಾತ್ರಿಪಾಳಿ. ಅವಳು ಕೆಲಸಕ್ಕೆ ಹೋಗಿ ಕೂತ ಮೇಲೆ ಅವನು ಮನೆಗೆ ಬರುತ್ತಿದ್ದ. ಹನ್ನೊಂದು ಇಳಿವು ಅವರ ಸಂಸಾರ ನಡೆದದ್ದು ಹೀಗೆಯೇ, ಇವಳು ಸೂಜಿಮನೆಯಲ್ಲಿ, ಅವನು ಮನೆಯಲ್ಲಿ. ಇಬ್ಬರಿದ್ದಾಗ ಅವರ ಸೂಜಿ ಮೂವತ್ತಾರರಲ್ಲಿ ನಿಲ್ಲುತ್ತಿತ್ತು. ಅವನೊಬ್ಬನೇ ಇದ್ದಾಗ ಒಂಬತ್ತರಲ್ಲಿ. ಇಬ್ಬರಲ್ಲಿ ಒಬ್ಬರು ಎದ್ದುಹೋದರೆ ಸೂಜಿ ಅರ್ಧಕ್ಕೆ ಇಳಿಯುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ವರ್ಗದ ಲೆಕ್ಕವೇ ಹಾಗೆ. ಹತ್ತರ ಕೆಳಗೆ ಸೂಜಿ ನಡುಗುತ್ತದೆ, ಅದನ್ನು ನಂಬಬಾರದು, ಹಾಳೆಯಲ್ಲಿ ಸೊನ್ನೆ ಎಂದೇ ಬರೆಯಬೇಕು ಎಂಬುದು ನಿಯಮ. ನೀಲಾಂಬಿಕೆ ಹಾಳೆಯಲ್ಲಿ ಸೊನ್ನೆ ಬರೆಯುತ್ತಿದ್ದಳು, ಕಣ್ಣು ಮಾತ್ರ ಆ ನಡುಗುವ ಒಂಬತ್ತನ್ನು ಬಿಟ್ಟು ಕದಲುತ್ತಿರಲಿಲ್ಲ. ಅವನೂ ಕಿಲಾಡಿ. ಮನೆಗೆ ಬಂದೊಡನೆ ಕವಾಟದ ಬಾಯಿಗೆ ಮುಖವಿಟ್ಟು ಮೂರು ಸಲ ಜೋರಾಗಿ ಉಸಿರು ಬಿಡುತ್ತಿದ್ದ. ಇಲ್ಲಿ ಸೂಜಿ ಮೂರು ಸಲ ಕುಣಿಯುತ್ತಿತ್ತು. ಮನೆ ಮುಟ್ಟಿದೆ ಎಂದು ಅರ್ಥ.

ಹೋದ ಇಳಿವಿನಲ್ಲಿ ಒಂದು ದಿನ ಹನ್ನೊಂದೂ ಇಪ್ಪತ್ತಕ್ಕೆ ಒಂಬತ್ತರಲ್ಲಿದ್ದ ಸೂಜಿ ತಳಕ್ಕೆ ಇಳಿಯಿತು. ತಂಬಾಕು ತರಲು ಹೊರಗೆ ಹೋಗಿರಬೇಕು ಎಂದುಕೊಂಡಳು ನೀಲಾಂಬಿಕೆ. ಹಾಳೆಯಲ್ಲಿ ಹೇಗೂ ಮೊದಲಿನಿಂದ ಸೊನ್ನೆಯೇ ಇತ್ತು. ನಾಲ್ಕು ಗಂಟೆಗೆ ಕೆಲಸ ಮುಗಿಸಿ, ದಾರಿಯಲ್ಲಿ ಮೆಂತ್ಯದ ಸೊಪ್ಪು ಕೊಂಡು, ಮನೆಗೆ ಹೋಗಿ ಬಾಗಿಲು ತೆರೆದಳು. ಅವನು ಹಗ್ಗದ ಹೊರಸಿನ ಮೇಲೆಯೇ ಮಲಗಿದ್ದ. ಎದೆಯ ರೋಗ, ತಕ್ಷಣವೇ ಹೋಗಿರಬೇಕು, ನೀವು ಓಡಿಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದರು ಡಾಕ್ಟರು. ಆಗುತ್ತಿತ್ತೋ ಇಲ್ಲವೋ, ಅವಳು ಓಡಿಬಂದಿರಲಿಲ್ಲ.

ಮನೆಯಲ್ಲಿ ಒಬ್ಬರು ಕಡಿಮೆಯಾದರೆ ಬಿಲ್ಲೆ ಬದಲಿಸುವುದು ಪದ್ಧತಿ. ದೊಡ್ಡ ತೂತಿನಲ್ಲಿ ಒಬ್ಬರ ಉಸಿರು ಸರಿಯಾಗಿ ಅಳತೆಗೆ ಸಿಗುವುದಿಲ್ಲ. ಹನ್ನೊಂದನೇ ದಿನ ತಪಾಸಣೆಯ ಮೌಲಾಸಾಬ ಬಂದು ಹದಿಮೂರೂವರೆ ಮಿಲಿಮೀಟರಿನ ಇಬ್ಬರ ಬಿಲ್ಲೆ ಬಿಚ್ಚಿ, ಒಂಬತ್ತು ಮಿಲಿಮೀಟರಿನ ಒಬ್ಬರ ಬಿಲ್ಲೆ ಕೂರಿಸಿದ. ಹಳೆಯ ಬಿಲ್ಲೆಯನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಹೋದವರ ಬಿಲ್ಲೆಯನ್ನು ಗೋಡೆಯ ಮೊಳೆಗೆ ತೂಗುಹಾಕುತ್ತಾರೆ. ಕರಿಗುಡ್ಡದಲ್ಲಿ ಫೋಟೋ ಇಲ್ಲದ ಮನೆ ಇದ್ದೀತು, ಮೊಳೆಗೆ ಬಿಲ್ಲೆ ಇಲ್ಲದ ಮನೆ ಕಡಿಮೆ.

ಈ ಇಳಿವಿನ ಎರಡನೇ ತಿಂಗಳು, ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ, ಖಾಲಿ ಇರಬೇಕಾದ ನಲವತ್ತೊಂದನೇ ಮನೆಯ ಸೂಜಿ ಮೇಲೆದ್ದಿತು. ಎದ್ದು ನಲವತ್ತರಲ್ಲಿ ನಿಂತಿತು. ಒಬ್ಬರ ಬಿಲ್ಲೆಯಲ್ಲಿ ನಲವತ್ತು ಎಂದರೆ ಸರಿಯಾಗಿ ಒಬ್ಬ ಮನುಷ್ಯ.

ಏಳೂವರೆ ಅಂದರೆ ಬಸಲಿಂಗ ಪಾಳಿ ಮುಗಿಸಿ ಬರುತ್ತಿದ್ದ ಹೊತ್ತು.

ಸಂಜೆ ಹೋಗಿ ನೋಡಿದರೆ ಬೀಗ ಹಾಕಿದಂತೆಯೇ ಇತ್ತು. ಹೊರಸಿನ ಕೆಳಗೆ, ಪೆಟ್ಟಿಗೆಯ ಹಿಂದೆ, ಪರದೆಯ ಆಚೆ ನೋಡಿದಳು. ಒಂದೇ ಕೋಣೆಯಲ್ಲಿ ಹುಡುಕುವುದಾದರೂ ಎಷ್ಟು? ಕವಾಟ ಕೆಟ್ಟಿರಬಹುದು ಎಂದು ಬಿಚ್ಚಿ, ಒರೆಸಿ, ಮತ್ತೆ ಹಾಕಿದಳು. ಮರುದಿನವೂ ಸೂಜಿ ನಲವತ್ತು ತೋರಿಸಿತು. ಮಧ್ಯಾಹ್ನ ಎರಡಾಗುತ್ತಲೇ ಮೆಲ್ಲಗೆ ಮೂವತ್ತಕ್ಕೆ ಇಳಿಯಿತು, ನಾಲ್ಕರ ಹೊತ್ತಿಗೆ ಮತ್ತೆ ಏರಿತು. ನಿದ್ದೆ ಮಾಡುವವರ ಉಸಿರು ಹಾಗೆಯೇ ಇಳಿಯುತ್ತದೆ. ಬಸಲಿಂಗ ಎರಡರಿಂದ ನಾಲ್ಕರವರೆಗೆ ತಪ್ಪದೆ ಮಲಗುತ್ತಿದ್ದ.

ಅವಳು ದೆವ್ವ-ಗಿವ್ವ ನಂಬುವವಳಲ್ಲ. ಹಾಗೆಂದು ಯಾರಾದರೂ ಕೇಳಿದ್ದರೆ ಹೇಳಿಯೂ ಹೇಳುತ್ತಿದ್ದಳು. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ನಂಬುವುದಕ್ಕೂ ನಂಬದಿರುವುದಕ್ಕೂ ಅಡ್ಡಿ ಇರಲಿಲ್ಲ. ಸಂಜೆ ಅವಳು ಮನೆಯಲ್ಲಿದ್ದಾಗ ಇಬ್ಬರ ಗಾಳಿ ಹರಿದು, ಪರದೆಯ ಮೇಲೆ ಅವಳ ಮನೆಗೆ ಕೆಂಪು ಗುರುತು ಬೀಳುತ್ತಿತ್ತು. ಕೆಂಪು ಬಿದ್ದರೆ ಕಾರಣ ಬರೆಯಬೇಕು. ಯಾರ ಮನೆಗಾದರೂ ಐದು ದಿನ ನೆಂಟರು ಬರಬಹುದು ಎಂಬ ರಿಯಾಯಿತಿ ಇತ್ತು. ನೀಲಾಂಬಿಕೆ ತನ್ನ ಮನೆಯ ಮುಂದೆ ‘ನೆಂಟರು’ ಎಂದು ಬರೆದಳು. ಆ ಮೂರಕ್ಷರ ಬರೆಯುವಾಗ ಅವಳಿಗೆ ನಾಚಿಕೆಯಾಯಿತು, ಹೊಟ್ಟೆಯೂ ತಣ್ಣಗಾಯಿತು.

ಆ ದಿನ ಜೋಳದ ರೊಟ್ಟಿ ಎರಡು ಹೆಚ್ಚು ಬಡಿದಳು. ಅವನ ತಂಬಾಕಿನ ಚೀಲವನ್ನು ಪೆಟ್ಟಿಗೆಯಿಂದ ತೆಗೆದು ಹೊರಸಿನ ತಲೆದೆಸೆಗೆ ಇಟ್ಟಳು. ಕೆಲಸಕ್ಕೆ ಹೊರಡುವಾಗ, “ಪುಂಡಿಪಲ್ಯ ಮುಚ್ಚಿಟ್ಟೀನಿ, ಉಣ್ಣು,” ಎಂದಳು. ಒಂದು ವರ್ಷದಿಂದ ಆ ಕೋಣೆಯಲ್ಲಿ ಮಾತು ಎಂಬುದೇ ಇರಲಿಲ್ಲ, ತನ್ನ ದನಿಗೆ ತಾನೇ ಬೆಚ್ಚಿದಳು. ಸಂಜೆ ಬಂದಾಗ ಪಲ್ಯ ಹಾಗೆಯೇ ಇತ್ತು. ಪರವಾಗಿಲ್ಲ ಎಂದುಕೊಂಡು ಅದನ್ನೇ ಉಂಡಳು. ಸೂಜಿಮನೆಯಲ್ಲಿ ಇಡೀ ದಿನ ನೂರತೊಂಬತ್ತೊಂಬತ್ತು ಮನೆಗಳನ್ನು ಬಿಟ್ಟು ಒಂದೇ ಮನೆಯ ಸೂಜಿ ನೋಡುತ್ತಾ ಕೂತಿರುತ್ತಿದ್ದಳು. ನಾಲ್ಕು ದಿನ ಅವಳು ಸುಖವಾಗಿದ್ದಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಐದನೇ ದಿನ ನೆಂಟರ ಗಡುವು ಮುಗಿಯಿತು. ಇನ್ನು ಎರಡು ದಿನಕ್ಕೆ ತಿಂಗಳ ತಪಾಸಣೆ, ಮೌಲಾಸಾಬ ಮನೆಮನೆಗೆ ಬಂದು ಸೂಜಿಯನ್ನೂ ದಾಖಲೆಯನ್ನೂ ತಾಳೆ ನೋಡುತ್ತಾನೆ. ಏನಾದರೂ ಕಾರಣ ಬೇಕು. ಕಾರಣ ಹುಡುಕಲೆಂದೇ ನೀಲಾಂಬಿಕೆ ಐದು ದಿನದ ಅಂಕಿಗಳನ್ನು ತೆಗೆದು ಎದುರಿಗಿಟ್ಟುಕೊಂಡಳು.

ದಿನದ ಲೆಕ್ಕದಲ್ಲಿ ಕೊಳವೆಯ ಒತ್ತಡವನ್ನು ಯಾರೂ ನೋಡುವುದಿಲ್ಲ. ಅದು ಹೆಚ್ಚು ಬದಲಾಗುವುದಿಲ್ಲ ಎಂದು ಇಟ್ಟುಕೊಳ್ಳುತ್ತಾರೆ. ಆದರೆ ಪ್ರತಿ ಮನೆಯ ಬಿಲ್ಲೆಯ ಆಚೆ ಒತ್ತಡದ್ದೇ ಇನ್ನೊಂದು ಪುಟ್ಟ ಮಾಪಕ ಇರುತ್ತದೆ. ಅವಳು ಅದರ ಅಂಕಿಗಳನ್ನೂ ಪಕ್ಕದಲ್ಲಿ ಬರೆದಳು. ಬೆಳಿಗ್ಗೆ ಸೂಜಿ ನಲವತ್ತು ಇದ್ದಾಗ ಒತ್ತಡ ನೂರರುವತ್ತು. ಮಧ್ಯಾಹ್ನ ಎರಡಕ್ಕೆ ಮೇಲಿನ ಗಾಳಿ ಕುದಿಯುವಷ್ಟು ಕಾದಿರುತ್ತದೆ ಎಂದು ದೊಡ್ಡ ಪಂಖವನ್ನು ನಿಧಾನಿಸುತ್ತಾರೆ. ಆಗ ಒತ್ತಡ ನೂರಿಪ್ಪತ್ತು, ಸೂಜಿ ಮೂವತ್ತು.

ನಲವತ್ತನ್ನು ನೂರರುವತ್ತರಿಂದ ಭಾಗಿಸಿದಳು. ಕಾಲು. ಮೂವತ್ತನ್ನು ನೂರಿಪ್ಪತ್ತರಿಂದ ಭಾಗಿಸಿದಳು. ಕಾಲು. ಮಂಗಳವಾರ ಒಂಬತ್ತು ಗಂಟೆಯದನ್ನು ಭಾಗಿಸಿದಳು, ಗುರುವಾರ ಮೂರರದ್ದನ್ನು ಭಾಗಿಸಿದಳು. ಎಲ್ಲ ಕಾಲು. ಐದು ದಿನದ ಭಾಗಲಬ್ಧಗಳನ್ನು ಹಾಳೆಯ ಮೇಲೆ ಚುಕ್ಕಿಯಿಟ್ಟು ಸೇರಿಸಿದರೆ ಅಡಿಪಟ್ಟಿ ಇಟ್ಟು ಎಳೆದಂತೆ ನೇರವಾದ ಗೆರೆ ಬಂತು.

ಉಸಿರಾಡುವ ಜೀವ ನೇರವಾಗಿ ಇರುವುದಿಲ್ಲ. ಕೆಮ್ಮುತ್ತದೆ, ಸೀನುತ್ತದೆ, ಮಗ್ಗುಲು ಹೊರಳುತ್ತದೆ, ಕೋಪ ಬಂದರೆ ಏದುಸಿರು ಬಿಡುತ್ತದೆ. ಒತ್ತಡ ಏರಿದರೆ ಏರಿ, ಇಳಿದರೆ ಇಳಿದು, ಹಗಲಿಡೀ ಒಂದೇ ಪ್ರಮಾಣದಲ್ಲಿ ಹರಿಯುವುದು ಒಂದೇ ಒಂದು. ತೂತು.

ಮನೆಯಲ್ಲಿ ಯಾರೂ ಇರಲಿಲ್ಲ. ಯಾವತ್ತೂ ಇರಲಿಲ್ಲ. ನೀಲಾಂಬಿಕೆ ಪೆನ್ನು ಕೆಳಗಿಟ್ಟು, ಹಣೆಯನ್ನು ಮೇಜಿಗೆ ಆನಿಸಿ ಅತ್ತಳು. ಬಸಲಿಂಗ ಸತ್ತ ದಿನ ಜನರ ಮುಂದೆ ಅತ್ತಿದ್ದಳು. ಇಂದು ನೋಡಲು ಸೂಜಿಗಳಷ್ಟೇ ಇದ್ದವು.

ಅತ್ತು ಮುಗಿದ ಮೇಲೆ ಕೈ ಅಭ್ಯಾಸಬಲದಿಂದ ಲೆಕ್ಕ ಮುಂದುವರಿಸಿತು. ಬಿಲ್ಲೆಯ ತೂತಿನಲ್ಲಿ ಹೋದ ಗಾಳಿಯೇ ಆ ಇನ್ನೊಂದು ತೂತಿನಲ್ಲೂ ಹೊರಬಿದ್ದಿದೆ. ಒತ್ತಡಗಳ ಪ್ರಮಾಣ ಕಾಲು, ವರ್ಗಮೂಲ ಅರ್ಧ. ಆ ತೂತಿನ ವಿಸ್ತೀರ್ಣ ಬಿಲ್ಲೆಯ ತೂತಿನ ಅರ್ಧ. ಅಂದರೆ ಅಡ್ಡಳತೆ ಆರೂವರೆ ಮಿಲಿಮೀಟರಿಗೆ ಕೂದಲೆಳೆ ಕಡಿಮೆ. ತುಕ್ಕು ಹಿಡಿದು ಬಿದ್ದ ತೂತು ಹೀಗೆ ಡ್ರಿಲ್ಲಿನ ಅಳತೆಗೆ ಸರಿಯಾಗಿ ಇರುವುದಿಲ್ಲ. ಸೋಮವಾರ ಏಳೂವರೆಗೆ ಸರಿಯಾಗಿ ಹುಟ್ಟಿಕೊಳ್ಳುವುದೂ ಇಲ್ಲ.

ಸಂಜೆ ಮನೆಗೆ ಹೋದವಳೇ ಕೊಳವೆಯ ಹಿಂದೆ, ಗೋಡೆಯ ಸಂದಿಗೆ ಕೈ ಹಾಕಿ ತಡವಿದಳು. ಮೊಣಕೈ ತರಚಿತು. ಬೆರಳಿಗೆ ತಣ್ಣನೆಯ ತಾಮ್ರದ ನಳಿಕೆ ಸಿಕ್ಕಿತು. ಅವಳ ಕೊಳವೆಯ ಬೆನ್ನಿಗೆ ಕಚ್ಚಿಕೊಂಡು, ಗೋಡೆಯೊಳಗೆ ನುಗ್ಗಿ, ಆಚೆಗೆ ಹೋಗಿತ್ತು. ಆಚೆ ಇದ್ದದ್ದು ನಲವತ್ತೆರಡನೇ ಮನೆ.

ಆ ಮನೆಯ ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಸಣ್ಣೆಪ್ಪ ಬಂಡೆ ಕೊರೆಯುವವನು, ಇನ್ನೂ ಕೆಲಸದಿಂದ ಬಂದಿರಲಿಲ್ಲ. ಬಾಗಿಲು ಅರೆ ತೆರೆದಿತ್ತು. ನೀಲಾಂಬಿಕೆಯನ್ನು ಕಂಡದ್ದೇ ಹುಲಿಗೆಮ್ಮ ಹಿಟ್ಟಿನ ಕೈಯಲ್ಲೇ ಎದ್ದು, ಒಳಗಿನ ಪರದೆಗೆ ಬೆನ್ನು ಕೊಟ್ಟು ನಿಂತಳು.

“ಏನ್ರಿ ಅಕ್ಕಾರ? ಎಂದೂ ಇಲ್ಲದ್ದು ನಮ್ಮನಿ ಕಡೆ?”

“ಆರೂವರೆ ಮಿಲಿಮೀಟರ್,” ಎಂದಳು ನೀಲಾಂಬಿಕೆ. “ಸಣ್ಣೆಪ್ಪ ಕೊರದ ತೂತು. ಹೌದಲ್ಲೋ?”

“ಯಾವ ತೂತ್ರಿ? ನಮಗೇನ್ ಗೊತ್ತು. ಎಲ್ಲಾರ ಮನಿ ದ್ವಾಸಿನೂ ತೂತ ಅಂತಾರ, ಹಂಗ ಕೊಳವಿಗೂ ಒಂದು ಬಿದ್ದಿರಬೇಕು.”

“ಹುಲಿಗೆಮ್ಮ, ನಾ ಈ ಲೆಕ್ಕಾ ಮಾಡಿಕ್ಯಾಂಡ ಹೊಟ್ಟಿಗೆ ತಿನ್ನಾಕಿ. ನನ್ನ ಮುಂದ ಸುಳ್ಳು ಬ್ಯಾಡ.”

ಹುಲಿಗೆಮ್ಮನ ಮೋರೆ ಬಾಡಿತು. ತುತ್ತಿನಷ್ಟು ಹಿಟ್ಟನ್ನು ಬೆರಳುಗಳ ನಡುವೆ ಹಿಸುಕಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು.

“ನನ್ನ ತಂಗಿ ದುರುಗಮ್ಮ. ಆಕಿನ್ನ ಕೊಟ್ಟ ಊರು ಈ ಸಲ ಪಟ್ಟಿಗೆ ಬರಲಿಲ್ಲ. ಗಂಡ ಇಲ್ಲ, ಮಕ್ಕಳಿಲ್ಲ. ಮ್ಯಾಲೆ ಒಬ್ಬಾಕಿನ ಬಿಟ್ಟು ನಾ ಇಲ್ಲಿ ಹೆಂಗ ಉಸಿರಾಡ್ಲಿ ಹೇಳ್ರಿ? ನಮ್ಮ ಬಿಲ್ಲಿ ಇಬ್ಬರದು. ಮೂರನೇದ್ದು ಅಂದ್ರ ನಮ್ಮ ಮನಿ ಕೆಂಪಾಗ್ತದ. ನಿಮ್ಮನ್ಯಾಗ ನೀವೊಬ್ಬಾಕಿ. ಹಗಲೆಲ್ಲಾ ಖಾಲಿ. ಆ ಸೂಜಿ ನೋಡಾಕಿ ನೀವ, ಬ್ಯಾರೆ ಯಾರೂ ಅಲ್ಲ. ತಮ್ಮ ಮನಿ ಸೂಜಿ ಯಾರು ನೋಡಿಕ್ಯಾಂತ ಕುಂದ್ರತಾರ ಅಂದ ನಮ್ಮಾಂವ.”

ತಮ್ಮ ಮನೆಯ ಸೂಜಿ ಯಾರು ನೋಡಿಕೊಂಡು ಕೂರುತ್ತಾರೆ! ನೀಲಾಂಬಿಕೆಗೆ ತಾನು ಮುಚ್ಚಿಟ್ಟು ಹೋದ ಪುಂಡಿಪಲ್ಯ ನೆನಪಾಯಿತು.

“ನನ್ನ ಒಂದು ಮಾತು ಕೇಳಬಹುದಿತ್ತು,” ಎಂದಳು.

“ಕೇಳಿದ್ರ ಕೊಡ್ತಿದ್ರೇನ್ರಿ?”

ಅದರಲ್ಲಿ ಕುಹಕವಿರಲಿಲ್ಲ. ಹುಲಿಗೆಮ್ಮ ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಇಪ್ಪತ್ಮೂರನೇ ಮನೆಯವರು ಕೇಳಿದ್ದರೆ? ಅವರು ಕೇಳಲಿಲ್ಲ, ನೀಲಾಂಬಿಕೆ ಕೇಳಿಸಿಕೊಳ್ಳುವವಳ ಹಾಗೆ ಎಂದೂ ಕಂಡಿರಲಿಲ್ಲ. ಪರದೆಯ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದರು. ಅದು ಮಾತ್ರ ಅಳತೆಯಿಲ್ಲದೆಯೇ ತಿಳಿಯುತ್ತಿತ್ತು. ನೀಲಾಂಬಿಕೆ ತಿರುಗಿ ಹೊರಟುಬಂದಳು.

ಮನೆಯಲ್ಲಿ ಹೊರಸಿನ ಮೇಲೆ ಕೂತು ಎದುರಿನ ಮೊಳೆ ನೋಡಿದಳು. ನಳಿಕೆ ಕಿತ್ತು ತೂತಿಗೆ ಬೆಣೆ ಹೊಡೆದರೆ ಹತ್ತು ನಿಮಿಷದ ಕೆಲಸ, ಅವಳ ಮನೆ ಶುದ್ಧ. ಪಕ್ಕದ ಮನೆ ನಾಳೆಯೇ ಕೆಂಪು, ನಾಡಿದ್ದು ದುರುಗಮ್ಮ ಮೇಲೆ. ಹಾಗೆಯೇ ಬಿಟ್ಟರೆ ಮೌಲಾಸಾಬನ ಕಣ್ಣಿಗೆ ಇವಳ ಮನೆಯೇ ಕೆಂಪು, ಹುಡುಕಿದರೆ ನಳಿಕೆ, ನಳಿಕೆಯ ತುದಿಗೆ ಮತ್ತೆ ದುರುಗಮ್ಮನೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಒಂದೇ ದಾರಿ. ಸೂಜಿಗೆ ಗೊತ್ತಿರುವುದು ಒತ್ತಡ ಮಾತ್ರ. ತೂತು ಎಷ್ಟು ದೊಡ್ಡದು ಎಂಬುದನ್ನು ಹೇಳುವುದು ದಾಖಲೆ. ದಾಖಲೆಯಲ್ಲಿ ಒಂಬತ್ತು ಎಂದೇ ಇರಲಿ, ಕೊಳವೆಯಲ್ಲಿ ಹದಿಮೂರೂವರೆ ಇದ್ದರೆ, ಇಬ್ಬರ ಗಾಳಿ ಹರಿದರೂ ಸೂಜಿ ಒಬ್ಬರದನ್ನೇ ತೋರಿಸುತ್ತದೆ. ಇಡೀ ಅಂತಸ್ತಿನ ಮೊತ್ತದಲ್ಲಿ ಒಬ್ಬರ ಗಾಳಿ ನೂರಕ್ಕೆ ಕಾಲುಪಾಲೂ ಅಲ್ಲ, ಎರಡು ಪಾಲು ತಪ್ಪಿದರೂ ಯಾರೂ ಕೇಳುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಗೊತ್ತಿದ್ದೂ ಅವಳು ಮೊಳೆಯಿಂದ ಬಿಲ್ಲೆ ಇಳಿಸಿದಳು.

ಅದನ್ನು ಸೆರಗಿನಿಂದ ಒರೆಸಿದಳು. ಹೋದ ಅವನ ಗುರುತೆಂದು ಮೊಳೆಯ ಮೇಲೆ ಇದೊಂದಿತ್ತು, ಇನ್ನು ಅದೂ ಇರುವುದಿಲ್ಲ. “ಬೈಬ್ಯಾಡ ಮತ್ತ,” ಎಂದಳು. ಯಾರೂ ಇಲ್ಲವೆಂದು ಲೆಕ್ಕ ಮಾಡಿ ತಿಳಿದ ಮೇಲೂ ಹೇಳಿದಳು. ತೂತಿನ ಚೂಪಾದ ಅಂಚು ಗಾಳಿ ಬರುವ ಕಡೆಗೇ ಇರುವಂತೆ ನೋಡಿ ಕೂರಿಸಿ, ಬೋಲ್ಟು ಬಿಗಿದಳು. ಬಿಲ್ಲೆಯ ಹಿಡಿ ಕೊಳವೆಯಿಂದ ಹೊರಗೆ ಚಾಚಿಕೊಂಡಿರುತ್ತದೆ, ಅದರ ಮೇಲೆ ಅಳತೆ ಕೊರೆದಿರುತ್ತಾರೆ. ಅದಕ್ಕೆ ದಪ್ಪಗೆ ಗ್ರೀಸು ಬಳಿದಳು. ಬಿಚ್ಚಿದ ಸಣ್ಣ ಬಿಲ್ಲೆಯನ್ನು ಮೊಳೆಗೆ ಹಾಕಿದಳು, ಬರಿ ಮೊಳೆ ಕಾಣಬಾರದೆಂದು.

ತಪಾಸಣೆಯ ದಿನ ಅವಳಿಗೆ ರಜೆ. ತಪಾಸಣೆ ನಡೆಯುವಾಗ ಮನೆಯವರು ಮನೆಯಲ್ಲಿರಬೇಕು. ಮೌಲಾಸಾಬ ಬಂದ, ಚೀಲ ಇಳಿಸಿದ, ನೀರು ಕೇಳಿ ಕುಡಿದ. ಸೂಜಿ ನೋಡಿದ. ನಲವತ್ತಕ್ಕೆ ಸ್ವಲ್ಪ ಕಡಿಮೆ. ತಲೆಯಾಡಿಸಿದ. ಹಿಡಿಯ ಮೇಲಿನ ಗ್ರೀಸು ನೋಡಿ ಹುಬ್ಬೇರಿಸಿ, ಹೆಬ್ಬೆಟ್ಟಿನಿಂದ ಮೆಲ್ಲಗೆ ಒತ್ತಿ ಒರೆಸಿದ. ನಲವತ್ತು ವರ್ಷ ಬಿಲ್ಲೆ ಹಿಡಿದ ಬೆರಳಿಗೆ ಕಣ್ಣು ಬೇಕಾಗಿರಲಿಲ್ಲ. ಆ ಬೆರಳು ಅಲ್ಲೇ ನಿಂತುಬಿಟ್ಟಿತು.

ಆಮೇಲೆ ಅವನು ಗೋಡೆಯ ಕಡೆ ಹೋದ. ಮೊಳೆಯ ಮೇಲಿದ್ದ ಬಿಲ್ಲೆಯ ತೂತಿಗೆ ಕಿರುಬೆರಳು ಇಟ್ಟ. ಇಬ್ಬರ ಬಿಲ್ಲೆಯಲ್ಲಿ ಕಿರುಬೆರಳು ಬುಡದವರೆಗೆ ಹೋಗುತ್ತದೆ. ಇದರಲ್ಲಿ ಉಗುರಿನ ಹತ್ತಿರವೇ ಸಿಕ್ಕಿಕೊಂಡಿತು. ನೀಲಾಂಬಿಕೆ ಹೊರಸಿನ ಕಾಲನ್ನು ಹಿಡಿದುಕೊಂಡಳು.

“ಬಸಲಿಂಗಪ್ಪನ ಬಿಲ್ಲಿ ನಾನ ನನ್ನ ಕೈಯಾರೆ ತಗದು ಕೊಟ್ಟಿದ್ದೆ,” ಎಂದ ಮೌಲಾಸಾಬ ಬೆನ್ನು ತಿರುಗಿಸಿಕೊಂಡೇ.

“ಹೌದ್ರಿ.”

“ಇಪ್ಪತ್ಮೂರನೇ ಮನ್ಯಾಗ ಸಿಕ್ಕ ಮನಷ್ಯಾನ್ನ ಮ್ಯಾಲಿನ ತನಕ ಕರಕೊಂಡು ಹೋದಾಂವ ನಾನ. ಬಾಗಿಲು ತಗದಾಗ ಆಂವ ನನಗ ಒಂದು ಮಾತು ಅನ್ನಲಿಲ್ಲ. ಬೈದಿದ್ರ ಚಲೋ ಇತ್ತು.” ಅವನು ಪುಸ್ತಕ ತೆಗೆದು ಬರೆದ. ಬಿಲ್ಲೆ ಒಂಬತ್ತು. ಜನ ಒಬ್ಬರು. ಸರಿ ಇದೆ. “ಗ್ರೀಸು ಇನ್ನಷ್ಟು ಹಚ್ರಿ ಅಕ್ಕಾರ. ತುಕ್ಕು ಹಿಡೀತದ.”

ಮರುದಿನ ನೀಲಾಂಬಿಕೆ ಸೂಜಿಮನೆಯಲ್ಲಿ ಕೂತಾಗ ನಲವತ್ತೊಂದನೇ ಮನೆಯ ಸೂಜಿ ಎಲ್ಲಿದೆ ಎಂದು ನೋಡಲು ಧೈರ್ಯ ಬೇಕಾಯಿತು. ದೊಡ್ಡ ತೂತು, ಒಬ್ಬರದೇ ಗಾಳಿ. ಸೂಜಿ ಒಂಬತ್ತರಲ್ಲಿ ನಡುಗುತ್ತಿತ್ತು. ಹನ್ನೊಂದು ಇಳಿವು ಎಲ್ಲಿ ನಡುಗುತ್ತಿತ್ತೋ ಅಲ್ಲಿಯೇ. ಹತ್ತರ ಕೆಳಗಿನದನ್ನು ನಂಬಬಾರದು. ಅವಳು ನಿಯಮದಂತೆ ಹಾಳೆಯಲ್ಲಿ ಸೊನ್ನೆ ಬರೆದಳು, ಸೂಜಿಯನ್ನು ನೋಡುತ್ತಾ ಕೂತಳು. ಅದು ಬರೀ ತೂತು ಎಂದು ಗೊತ್ತಿತ್ತು. ತೂತಿನ ಆಚೆ ಒಬ್ಬಳಿದ್ದಾಳೆ ಎಂದೂ ಗೊತ್ತಿತ್ತು. ಆ ಒಬ್ಬಳ ಮುಖ ಹೇಗಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಹುಲಿಗೆಮ್ಮ ನಲ್ಲಿಯ ಹತ್ತಿರ ಈಗಲೂ ಮಾತಾಡುತ್ತಿರಲಿಲ್ಲ. ಹೆದರಿಕೆ ಅಷ್ಟು ಬೇಗ ಬಿಡುವುದಿಲ್ಲ.

ಹದಿನೈದು ದಿನ ಹೀಗೇ ಕಳೆಯಿತು. ಹದಿನಾರನೇ ದಿನ ಬೆಳಿಗ್ಗೆ ಹತ್ತೂವರೆಗೆ ಒಂಬತ್ತರಲ್ಲಿದ್ದ ಸೂಜಿ ಪಟ್ಟನೆ ತಳಕ್ಕೆ ಬಿತ್ತು.

ಯೋಚಿಸಿದ್ದರೆ ನಾಲ್ಕು ಕಾರಣ ಹೊಳೆಯುತ್ತಿತ್ತು. ನಳಿಕೆ ಬಾಗಿರಬಹುದು, ಧೂಳು ಕಟ್ಟಿರಬಹುದು. ನಲವತ್ತೆರಡನೇ ಮನೆಗೆ ಅದರದೇ ಗಾಳಿಯೂ ಇದೆ, ಒಬ್ಬರು ಉಸಿರುಗಟ್ಟುವ ಪ್ರಶ್ನೆಯೇ ಇಲ್ಲ. ಇವೆಲ್ಲ ಅವಳಿಗೆ ದಾರಿಯಲ್ಲಿ ಹೊಳೆದವು, ಏಕೆಂದರೆ ಆಗಲೇ ಅವಳು ಓಡುತ್ತಿದ್ದಳು. ಸೂಜಿಮನೆಯ ಬಾಗಿಲು ಹಾರುಹೊಡೆದಿತ್ತು. ಕುರ್ಚಿ ಬಿದ್ದಿತ್ತು. ಐವತ್ತೆರಡು ವಯಸ್ಸಿನ ಹೆಂಗಸು ಸೀರೆ ಎತ್ತಿ ಹಿಡಿದು ಸುರಂಗದಲ್ಲಿ ಓಡುವುದನ್ನು ಕಂಡ ಜನ ಗೋಡೆಗೆ ಸರಿದು ದಾರಿ ಬಿಟ್ಟರು. ತಂಬಾಕು ತರಲು ಹೋಗಿರಬೇಕು ಎಂದುಕೊಂಡು ಕೂರುವುದು ಅವಳಿಂದ ಇನ್ನೊಮ್ಮೆ ಆಗುವಂತಿರಲಿಲ್ಲ.

ನಲವತ್ತೆರಡನೇ ಮನೆಯ ಬಾಗಿಲನ್ನು ಎರಡೂ ಕೈಯಿಂದ ತಟ್ಟಿದಳು. ಬಾಗಿಲು ತಟ್ಟುವ ಸದ್ದೇ ಅಪರೂಪವಾದ ಆ ಓಣಿಯಲ್ಲಿ ಅದು ದೊಡ್ಡದಾಗಿ ಕೇಳಿಸಿತು.

ಬಹಳ ಹೊತ್ತಾದ ಮೇಲೆ ಬಾಗಿಲು ಒಂದು ಗೇಣು ತೆರೆಯಿತು. ಬಡಕಲು ಹೆಂಗಸು, ಹಣೆಯ ಮೇಲೆ ಹಳೆಯ ಹಚ್ಚೆ, ಕೈಯಲ್ಲಿ ಮೊರ. ಕಣ್ಣಿನ ತುಂಬ ಭಯ.

“ಯಾರು ಬೇಕಾಗಿತ್ರಿ? ಅಕ್ಕನೂ ಇಲ್ಲ, ಭಾವನೂ ಇಲ್ಲ. ಕೆಲಸಕ್ಕೆ ಹೋಗ್ಯಾರ.”

ನೀಲಾಂಬಿಕೆ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಾ ನಿಂತಳು.

“ಉಸಿರಾಡಾಕತ್ತೀಯೇನು ಅಂತ…” ಎಂದಳು ಕೊನೆಗೆ. “ನೋಡಾಕ ಬಂದೆ.”

ದುರುಗಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಯಾರೆಂದು ತಿಳಿಯಿತು.

“ನೀವಾ ಬಾಜೂ ಮನಿಯಾಕಿ?” ಎಂದಳು. “ಅವರಿಬ್ಬರೂ ಹೊರಗ ಹೋದ್ರ ನಾನೊಬ್ಬಾಕಿನ ಅಲ್ರೀ ಇರೋದು. ಈ ಮನಿ ಗಾಳಿನ ಸಾಕಾಗ್ತದ. ನಿಮ್ಮ ಗಾಳಿ ಸುಮ್ನ ಯಾಕ ಹಾಳ್ ಮಾಡ್ಲಿ ಅಂತ ಆ ನಳಿಕಿ ಬಾಯಿಗೆ ಅರಿವಿ ತುರುಕಿದೆ. ತಪ್ಪಾತೇನ್ರಿ?”

ನೀಲಾಂಬಿಕೆ ಹೊಸ್ತಿಲ ಮೇಲೆಯೇ ಕೂತಳು. ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ದುರುಗಮ್ಮ ಮೊರ ಕೆಳಗಿಟ್ಟು, ಏನು ಮಾಡಬೇಕೆಂದು ತೋಚದೆ, ಅವಳ ಬೆನ್ನ ಮೇಲೆ ಕೈಯಿಟ್ಟಳು. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ.

“ಅರಿವಿ ತಗದು ಬಿಡವ್ವ,” ಎಂದಳು ನೀಲಾಂಬಿಕೆ ಮುಖ ಒರೆಸಿಕೊಂಡು. “ಹಗಲೂ ತಗದ ಇಡು. ಗಾಳಿ ಹೋದ್ರ ಹೋಗ್ಲಿ. ನಾ ಅಲ್ಲಿಂದ ನೋಡ್ತಿರ್ತೀನಿ.”

ಸೂಜಿಮನೆಗೆ ಮರಳಿ, ಬಿದ್ದ ಕುರ್ಚಿ ಎತ್ತಿಟ್ಟು ಕೂತಳು. ಸ್ವಲ್ಪ ಹೊತ್ತಿನಲ್ಲಿ ಸೂಜಿ ತಳದಿಂದ ಎದ್ದು ಒಂಬತ್ತಕ್ಕೆ ಬಂದು ನಿಂತಿತು. ನೀಲಾಂಬಿಕೆ ಪೆನ್ನು ತೆಗೆದುಕೊಂಡು ಹಾಳೆಯಲ್ಲಿ ಹನ್ನೊಂದು ಗಂಟೆಯ ಸಾಲಿಗೆ ಸೊನ್ನೆ ಬರೆದಳು.